ಕಥೆ ಹತ್ತುತ್ತದೆ, ಪಾಠ ಹತ್ತುವುದಿಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

‘ಕಥೆಪುಸ್ತಕವಾದರೆ ಊಟ ಮರೆತು ಓದುತ್ತಾಳೆ. ವಿಜ್ಞಾನ, ಸಮಾಜ ತೆಗೆದರೆ ಎಷ್ಟು ಹೊತ್ತು ಕುಳಿತರೂ ತಲೆಯಲ್ಲಿ ಏನೂ ಉಳಿಯುವುದಿಲ್ಲ. ಏಕಾಗ್ರತೆ ಬರುವಂತೆ ಏನಾದರೂ ಹೇಳಿ’ ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ ಕೇಳಿದರು. ಊಟ ಮರೆಯುವಷ್ಟು ಓದುವವಳಿಗೆ ಏಕಾಗ್ರತೆ ಇಲ್ಲವೆಂಬುದನ್ನು ನಾನು ಒಪ್ಪಲಿಲ್ಲ. ಆಕೆಯ ಪಠ್ಯಪುಸ್ತಕ ತೆರೆದು ನೋಡಿದರೆ ಪುಟದ ತುಂಬ ಹಳದಿ ಗೆರೆ. ಗೆರೆ ಬೀಳದ ಸಾಲು ಹುಡುಕಬೇಕಿತ್ತು.

ಕೆರೆಯ ಮೀನುಗಳು ಸಾಯುವುದರ ಕುರಿತ ಒಂದು ಭಾಗವನ್ನು ಗಟ್ಟಿಯಾಗಿ ಓದಿಸಿದೆ. ಎಲ್ಲಿಯೂ ತಡವರಿಸಲಿಲ್ಲ. ‘ಮೀನು ಏಕೆ ಸತ್ತವು?’ ಎಂದು ಕೇಳಿದರೆ ‘ಗೊಬ್ಬರದ ವಿಷದಿಂದ’ ಎಂದಳು. ಆ ಭಾಗದಲ್ಲಿ ವಿಷದ ಮಾತೇ ಇರಲಿಲ್ಲ! ಅಲ್ಲಿದ್ದದ್ದು ಇಷ್ಟು: ಹೊಲದ ಗೊಬ್ಬರ ಮಳೆನೀರಿನೊಡನೆ ಕೆರೆ ಸೇರುತ್ತದೆ, ಅದರಲ್ಲಿನ ಸಾರಜನಕ, ರಂಜಕ ಸಿಕ್ಕಿ ಶೈವಲ (ಪಾಚಿ) ಮಿತಿಮೀರಿ ಬೆಳೆಯುತ್ತದೆ, ಸತ್ತ ಶೈವಲವನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ, ಮೀನುಗಳಿಗೆ ಉಸಿರು ಕಟ್ಟುತ್ತದೆ. ಆದರೆ ಬರಹ ಸತ್ತ ಮೀನಿನಿಂದ ಆರಂಭಿಸಿ ಕಾರಣಗಳನ್ನು ಒಂದೊಂದಾಗಿ ಹಿಂದಕ್ಕೆ ಹುಡುಕುತ್ತಾ ಹೋಗಿತ್ತು. ಕಥೆಯ ಓಟಕ್ಕೆ ಒಗ್ಗಿದ ಆಕೆಗೆ ಈ ಹಿಂದುಮುಂದು ಹಿಡಿಯಲು ಸಿಗಲಿಲ್ಲ. ಕಡಿದುಹೋದ ಜಾಗವನ್ನು ಎಲ್ಲೋ ಕೇಳಿದ ಮಾತಿನಿಂದ ತುಂಬಿಕೊಂಡಳು.

ಬರಹದ ಕಟ್ಟು, ಅಂದರೆ ವಿಷಯಗಳನ್ನು ಒಂದಕ್ಕೊಂದು ಹೆಣೆದಿರುವ ರೀತಿ, ಗುರುತಿಸಲು ‘ಆದ್ದರಿಂದ’, ‘ಆದರೆ’, ‘ಮೊದಲನೆಯದಾಗಿ’ ಎಂಬ ಪದಗಳನ್ನು ಹುಡುಕಿ ಎಂದು ಹೇಳಿಕೊಡುವುದು ವಾಡಿಕೆ. ಕನ್ನಡದ ಮಟ್ಟಿಗೆ ಇದು ಅರ್ಧ ಸಲಹೆ. ನಮ್ಮಲ್ಲಿ ಕಟ್ಟಿನ ಸುಳಿವು ಬಹಳ ಸಲ ಕ್ರಿಯಾಪದದ ತುದಿಯಲ್ಲಿ ಅಂಟಿಕೊಂಡಿರುತ್ತದೆ. ‘ಶೈವಲ ಬೆಳೆದುದರಿಂದ’ ಎಂದರೆ ಕಾರಣ. ‘ಬೆಳೆದರೂ’ ಎಂದರೆ ನಾವು ಎಣಿಸಿದ್ದಕ್ಕೆ ವಿರುದ್ಧವಾದದ್ದು ಮುಂದೆ ಬರಲಿದೆ. ‘ಬೆಳೆದರೆ’ ಷರತ್ತು. ‘ಬೆಳೆದ ಮೇಲೆ’ ಎಂಬಲ್ಲಿ ಬರೀ ಅನುಕ್ರಮವೂ ಇರಬಹುದು. ಹುಡುಗಿಯ ಕಣ್ಣು ದೊಡ್ಡ ದೊಡ್ಡ ನಾಮಪದಗಳ ಮೇಲೆಯೇ ಕುಳಿತು ಈ ತುದಿಗಳನ್ನು ಬಿಟ್ಟುಬಿಡುತ್ತಿತ್ತು. ಹಾಗಾಗಿ ಹಳದಿ ಪೆನ್ನು ಬದಿಗಿಡಿಸಿದೆ. ಪೆನ್ಸಿಲಿನಲ್ಲಿ ಆ ತುದಿಗಳಿಗೆ ಮಾತ್ರ ವೃತ್ತ ಹಾಕುವುದು, ಆಮೇಲೆ ಪ್ಯಾರಾದ ಅಂಚಿನಲ್ಲಿ ಅದು ಮಾಡುತ್ತಿರುವ ಕೆಲಸವನ್ನು ಒಂದು ಪದದಲ್ಲಿ ಬರೆಯುವುದು: ಕಾರಣ, ಹೋಲಿಕೆ, ಕ್ರಮ, ವಿವರಣೆ, ಪರಿಹಾರ. ಲೇಖಕ ಹೆಣೆದ ಕಟ್ಟನ್ನೇ ಹಿಡಿದು ನೆನಪಿಸಿಕೊಳ್ಳುವವರಿಗೆ ಹೆಚ್ಚು ವಿಷಯ ನೆನಪಿರುತ್ತದೆ ಎಂದು ಓದಿನ ಗ್ರಹಿಕೆಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಬಾನಿ ಮೇಯರ್ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದ್ದು ಇದೇ ಒಂಬತ್ತನೇ ತರಗತಿಯ ಮಕ್ಕಳಲ್ಲಿ.

ಇನ್ನು ಕಠಿಣ ಪದಗಳು. ‘ಶೈವಲ’ ಗೊತ್ತಿಲ್ಲವೆಂದು ಆಕೆ ಹಾರಿಸಿದ್ದಳು. ‘ನೀರಿನ ಮೇಲೆ ಹಸಿರು ಪೊರೆಯಂತೆ ಹರಡುವ’ ಎಂಬ ವಿವರ ಅದರ ಹಿಂದೆಯೇ ಇತ್ತು. ಆದರೆ ಸಂದರ್ಭ ಯಾವಾಗಲೂ ಕೈಹಿಡಿಯುವುದಿಲ್ಲ, ಕೆಲವೊಮ್ಮೆ ದಾರಿಯನ್ನೂ ತಪ್ಪಿಸುತ್ತದೆ. ‘ಪೋಷಕಾಂಶ ಹೆಚ್ಚಿ ಕೆರೆ ಹಸಿರಾಗುತ್ತದೆ’ ಎಂಬ ಸಾಲನ್ನು ಓದಿ ಕೆರೆಗೆ ಒಳ್ಳೆಯದಾಯಿತೆಂದು ಆಕೆ ತಿಳಿದಿದ್ದಳು. ಅದಕ್ಕೆ ಹೇಳಿದ್ದು: ಊಹಿಸು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕು, ಪ್ಯಾರಾ ಮುಗಿಸಿ ಊಹೆಯನ್ನು ಮತ್ತೆ ನೋಡು. ಹೊಂದದಿದ್ದರೆ ನಿಘಂಟು ತೆಗೆ.

ತಾಯಿಗೆ ಒಂದೇ ಮಾತು ಹೇಳಿದೆ: ‘ಎಷ್ಟು ಪುಟ ಆಯಿತು?’ ಎಂದು ಕೇಳಬೇಡಿ, ‘ಇದು ಹೀಗಾಗಲು ಏನು ಕಾರಣವಂತೆ?’ ಎಂದು ಕೇಳಿ.

ಕಾರಣ ಕೇಳುವ ಪ್ರಶ್ನೆಗಳಿಗೆ ಈಗ ಆಕೆ ಪಠ್ಯದೊಳಗಿನಿಂದಲೇ ಉತ್ತರಿಸುತ್ತಾಳೆ. ಹೋಲಿಕೆಯ ಪ್ಯಾರಾಗಳಲ್ಲಿ ಮಾತ್ರ ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸುವುದು ನಿಂತಿಲ್ಲ. ಅಂಥವುಗಳಿಗೆ ಎರಡು ಅಂಕಣದ ಪಟ್ಟಿ ಹಾಕಿಸುತ್ತಿದ್ದೇನೆ.