ಹಳೆ 386 ಮತ್ತು ಒಂದು ಡಬ್ಬಿ ಫ್ಲಾಪಿ: ಸ್ವಿಚ್ ಹಾಕುವ ಮುಂಚೆ

ಚಿಕ್ಕಪ್ಪನ ಅಟ್ಟದಲ್ಲಿ ಒಂದು 386 ಮಷೀನು (ಇಂಟೆಲ್ 386 ಪ್ರೊಸೆಸರ್ ಕಾಲದ ಹಳೆ ಪಿಸಿ), ಜೊತೆಗೆ ಒಂದು ಡಬ್ಬಿ ಫ್ಲಾಪಿ ಸಿಕ್ಕಿದೆ, ಇಪ್ಪತ್ತೈದು ವರ್ಷದಿಂದ ಯಾರೂ ಮುಟ್ಟಿಲ್ಲ, ಪ್ಲಗ್ ಹಾಕಿ ಆನ್ ಮಾಡಿ ನೋಡಲಾ ಅಂತ ಕೇಳಿದ್ದೀರಿ. ಬೇಡ. ಕೈ ತುರಿಸುತ್ತಿರುತ್ತದೆ ಅಂತ ಗೊತ್ತು, ಆದರೂ ಇವತ್ತು ಬೇಡ.

ಮಷೀನು ಸುಟ್ಟರೆ ಅಂಥದ್ದೇ ಇನ್ನೊಂದು ಎಲ್ಲಾದರೂ ಸಿಕ್ಕೀತು. ಚಿಕ್ಕಪ್ಪ ಬರೆದಿಟ್ಟ ಫ್ಲಾಪಿಗಳಿಗೆ ಮಾತ್ರ ಇನ್ನೊಂದು ಪ್ರತಿ ಇಲ್ಲ. ಹಾಗಾಗಿ ಫ್ಲಾಪಿ ಮೊದಲು, ಮಷೀನು ಆಮೇಲೆ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ನಾನೂ ಮಾಡಿ ಪೆಟ್ಟು ತಿಂದವನೇ.

ಪ್ರತಿ ಫ್ಲಾಪಿಯ ಲೇಬಲ್ ಫೋಟೋ ತೆಗೆದುಕೊಳ್ಳಿ. ಅಂಟು ಒಣಗಿ ಲೇಬಲ್ ಉದುರಿದರೆ ಯಾವುದು ಏನು ಅಂತ ದೇವರಿಗೇ ಗೊತ್ತು. ರಬ್ಬರ್ ಬ್ಯಾಂಡ್ ಸುತ್ತಿದ್ದರೆ ಈಗಲೇ ತೆಗೆದು ಎಸೆಯಿರಿ. ಆಮೇಲೆ ರೈಟ್ ಪ್ರೊಟೆಕ್ಟ್ ಮಾಡಿ, ಅಂದರೆ ಅದರ ಮೇಲೆ ಏನೂ ಬರೆಯಲಾಗದಂತೆ ಮಾಡಿ. 3.5 ಇಂಚಿನದಕ್ಕೆ ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ ತೂತು ತೆರೆದಿರಬೇಕು. 5.25 ಇಂಚಿನದಕ್ಕೆ ತದ್ವಿರುದ್ಧ, ಅಂಚಿನ ಕಚ್ಚನ್ನು ಸ್ಟಿಕ್ಕರ್ ಹಾಕಿ ಮುಚ್ಚಬೇಕು. ಬರೀ ಓದುತ್ತೇನೆ, ಇದೆಲ್ಲ ಯಾಕೆ ಅಂತೀರಾ? ವಿಂಡೋಸ್ 95 ಥರದವು ಪ್ರೊಟೆಕ್ಟ್ ಮಾಡದ ಫ್ಲಾಪಿಯನ್ನು ಸುಮ್ನೆ ತೆರೆದರೂ ಫ್ಲಾಪಿಯ ಮೊದಲ ತುಣುಕಾದ ಬೂಟ್ ಸೆಕ್ಟರ್‌ನಲ್ಲಿ ತಮ್ಮದೊಂದು ಗುರುತು ಬರೆದುಬಿಡುತ್ತವೆ.

ಈಗ ಬೂಷ್ಟಿನ ವಿಷಯ. ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 3.5 ಇಂಚಿನದಾದರೆ ಶಟರ್ (ಜಾರುವ ಮುಚ್ಚಳ) ಸರಿಸಿ, ಟಾರ್ಚ್ ಓರೆಯಾಗಿ ಹಿಡಿದು, ನಡುವಿನ ಲೋಹದ ಬಿಲ್ಲೆಯನ್ನು ಬೆರಳಿನಿಂದ ತಿರುಗಿಸುತ್ತಾ ಎರಡೂ ಬದಿ ನೋಡಿ. ನಾನು ನೋಡದೆ ಒಂದನ್ನು ಡ್ರೈವ್‌ಗೆ ಹಾಕಿದ್ದೆ. ಕೀಂಯ್ ಅಂತ ಸದ್ದು ಬಂತು. ತೆಗೆದು ಇನ್ನೊಂದು ಹಾಕಿದೆ, ಅದೂ ಓದಲಿಲ್ಲ. ಮೂರನೆಯದೂ ಇಲ್ಲ. ಆಗ ಬುದ್ಧಿ ಬಂದು ಶಟರ್ ಸರಿಸಿ ನೋಡಿದರೆ ಮೂರರ ಮೇಲೂ ಒಂದೇ ಜಾಗದಲ್ಲಿ ಕೂದಲೆಳೆಯಷ್ಟು ತೆಳ್ಳನೆ ಉಂಗುರ, ಕಂದು ಲೇಪವೆಲ್ಲ ಎದ್ದುಹೋಗಿ ಬೆಳಕು ಆಚೆಯಿಂದ ಈಚೆ ಬರುತ್ತಿತ್ತು. ಮೊದಲನೆಯದರ ಬೂಷ್ಟು ಡ್ರೈವ್ ಒಳಗೆ ಫ್ಲಾಪಿ ಓದುವ ಹೆಡ್‌ಗೆ ಅಂಟಿಕೊಂಡು, ಚೆನ್ನಾಗಿದ್ದ ಉಳಿದೆರಡನ್ನೂ ಕೆರೆದು ಹಾಕಿತ್ತು. ಆ ಉಂಗುರದಲ್ಲಿ ಇದ್ದದ್ದು ಹೋಯಿತು, ಅಷ್ಟೇ. ಯಾವ ಸಾಫ್ಟ್‌ವೇರೂ ತರುವುದಿಲ್ಲ.

ಅದಕ್ಕೇ ಸದ್ದು ಬದಲಾದ ಕ್ಷಣ ನಿಲ್ಲಿಸಿ, ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಎರಡೂ ಹೆಡ್ ಒರೆಸಿ. ಮೇಲಿನ ಹೆಡ್ ಸಣ್ಣ ಸ್ಪ್ರಿಂಗ್ ಪಟ್ಟಿಯ ಮೇಲೆ ಕೂತಿರುತ್ತದೆ, ಜಾಸ್ತಿ ಎತ್ತಿದರೆ ಹಾಳು. ಬೂಷ್ಟು ಹಿಡಿದವನ್ನು ಬೇರೆ ಡಬ್ಬಿಗೆ ಹಾಕಿಡಿ. ತೊಳೆದು ಓದಿಸಬಹುದು, ಆದರೆ ಬೇಡದ ಫ್ಲಾಪಿಯ ಮೇಲೆ ಕೈ ಪಳಗಿದ ಮೇಲೆ.

ಯುಎಸ್‌ಬಿ ಫ್ಲಾಪಿ ಡ್ರೈವ್ ಸಾಕಾ ಅಂತಲೂ ಕೇಳಿದ್ದೀರಿ. 1.44 ಎಂಬಿಯ ಮಾಮೂಲಿ ಪಿಸಿ ಫ್ಲಾಪಿಗೆ ಸಾಕು. ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡಬೇಡಿ, ಇಡೀ ಫ್ಲಾಪಿಯ ಇಮೇಜ್ ತೆಗೆಯಿರಿ, ಅಂದರೆ ಫ್ಲಾಪಿಯಲ್ಲಿರುವುದೆಲ್ಲ ಹಾಗೇ ಒಂದೇ ಫೈಲಾಗಿ. ಅಳಿಸಿದ ಫೈಲಿನ ಚೂರುಗಳೂ ಅದರಲ್ಲಿ ಬರುತ್ತವೆ. ಇಮೇಜ್ ಸರಿಯಾಗಿ 14,74,560 ಬೈಟ್ ಇರಬೇಕು, ಕಡಿಮೆ ಇದ್ದರೆ ಎಲ್ಲೋ ನಿಂತುಹೋಗಿದೆ ಅಂತ. 720 ಕೆಬಿಯದಾದರೆ 7,37,280. ಲಿನಕ್ಸ್ ಇದ್ದರೆ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಬಳಸಿ, ಓದಲಾಗದ ಸೆಕ್ಟರ್‌ಗಳನ್ನು ಬಿಟ್ಟು ಮುಂದೆ ಹೋಗಿ ಆಮೇಲೆ ಮತ್ತೆ ಬಂದು ಪ್ರಯತ್ನಿಸುತ್ತದೆ. ವಿಂಡೋಸ್ ಏನಾದರೂ "ಫಾರ್ಮ್ಯಾಟ್ ಮಾಡಲಾ?" ಅಂತ ಕೇಳಿದರೆ ನಿಮ್ಮ ಬೆರಳು "ಹೌದು" ಒತ್ತದಂತೆ ನೋಡಿಕೊಳ್ಳಿ.

ಹಾಗೆ ಕೇಳಿತು ಅಂದ ಮಾತ್ರಕ್ಕೆ ಫ್ಲಾಪಿ ಸತ್ತಿದೆ ಅಂತಲ್ಲ. ಹಳೆ ಮ್ಯಾಕಿಂಟಾಷ್‌ನ 400, 800 ಕೆಬಿ ಫ್ಲಾಪಿಗಳನ್ನು ಯುಎಸ್‌ಬಿ ಡ್ರೈವ್ ಓದುವುದೇ ಇಲ್ಲ, ಬರೆದ ರೀತಿಯೇ ಬೇರೆ. ಅಂಥವು, ಹಠ ಮಾಡುವವು, ಎಲ್ಲ 5.25 ಇಂಚಿನವು, ಇವಕ್ಕೆ ಗ್ರೀಸ್‌ವೀಝಲ್ ಅನ್ನುವ ಪುಟ್ಟ ಬೋರ್ಡ್ ಬೇಕು. ಪಿಸಿಯ ಮಾಮೂಲಿ ಫ್ಲಾಪಿ ಡ್ರೈವ್ ಅನ್ನು ಅದಕ್ಕೆ ಕೇಬಲ್‌ನಿಂದ ಜೋಡಿಸಿ, ಬೋರ್ಡನ್ನು ಯುಎಸ್‌ಬಿಗೆ ಹಾಕಿದರೆ ಆಯಿತು. ಅದು ಫೈಲ್ ಲೆಕ್ಕ ನೋಡುವುದಿಲ್ಲ, ಹೆಡ್‌ನಿಂದ ಬರುವ ಕಾಂತೀಯ ಏರಿಳಿತವನ್ನೇ ಹಾಗ್ಹಾಗೇ ದಾಖಲಿಸುತ್ತದೆ. ಅರ್ಥ ಬಿಡಿಸುವ ಕೆಲಸ ಆಮೇಲೆ ನಿಧಾನವಾಗಿ ಮಾಡಿಕೊಳ್ಳಬಹುದು. ಹಾಂ, 5.25 ಇಂಚಿನ 360 ಕೆಬಿ ಫ್ಲಾಪಿಯನ್ನು 1.2 ಎಂಬಿ ಡ್ರೈವ್‌ನಲ್ಲಿ ಓದಿ, ತೊಂದರೆ ಇಲ್ಲ. ಬರೆಯಬೇಡಿ. ಆ ಡ್ರೈವ್‌ನ ಹೆಡ್ ಸಣ್ಣದು, ಬರೆಯುವ ಟ್ರ್ಯಾಕೂ (ಉಂಗುರದಂಥ ಗೆರೆ) ಸಣ್ಣದು. ಹಳೆ ಡ್ರೈವ್‌ಗೆ ಅದು ಗೊಂದಲ.

ಇನ್ನು ಮಷೀನು. ಕ್ಯಾಬಿನೆಟ್ ತೆಗೆದು ಮದರ್‌ಬೋರ್ಡ್‌ನಲ್ಲಿ ಕೀಬೋರ್ಡ್ ಸಾಕೆಟ್ ಅಕ್ಕಪಕ್ಕ ನೋಡಿ. ಪೀಪಾಯಿ ಆಕಾರದ, ಹೆಚ್ಚಾಗಿ ನೀಲಿ ಬಣ್ಣದ, 3.6 ವೋಲ್ಟ್ ಬ್ಯಾಟರಿ ಇದೆಯಾ? 386, 486ಗಳನ್ನು ಕೊಲ್ಲುವುದು ಅದೇ. ಆನ್ ಮಾಡದಿದ್ದರೂ ಸೋರುತ್ತದೆ, ಸೋರಿದ್ದು ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ಹಸಿರು ಪುಡಿ ಕಟ್ಟಿದ್ದರೆ ಅದೇ ಗುರುತು. ಇವತ್ತೇ ಕಟರ್‌ನಿಂದ ಕತ್ತರಿಸಿ ತೆಗೆಯಿರಿ. ಸೋರಿದ್ದು ಕ್ಷಾರ, ಹಾಗಾಗಿ ಆ ಜಾಗಕ್ಕೆ ಬಿಳಿ ವಿನೆಗರ್ ಹಚ್ಚಿ ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಕೊನೆಗೆ ಆಲ್ಕೋಹಾಲ್ ಒರೆಸಿ ಎರಡು ದಿನ ಒಣಗಲು ಬಿಡಿ. ಬ್ಯಾಟರಿ ತೆಗೆದರೆ ಸೆಟ್ಟಿಂಗ್ ಹೋಗುತ್ತದಲ್ವಾ ಅಂತ ಹೆದರಬೇಡಿ, ಅದು ಯಾವತ್ತೋ ಹೋಗಿದೆ. ಹಾರ್ಡ್ ಡಿಸ್ಕ್ ಮೇಲಿನ ಲೇಬಲ್‌ನಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆ ಇದ್ದರೆ ಬರೆದಿಟ್ಟುಕೊಳ್ಳಿ, ಮಷೀನು ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆಯಾದ ಬಯಾಸ್‌ನಲ್ಲಿ ಕೈಯಾರೆ ತುಂಬಬೇಕಾಗುತ್ತದೆ.

ಪವರ್ ಸಪ್ಲೈಯನ್ನು ಬೋರ್ಡಿಗೆ ಕೊಡದೆ, ಬೇರೆ ಲೋಡ್ (ಕರೆಂಟ್ ಎಳೆಯುವ ವಸ್ತು) ಹಾಕಿ ಪರೀಕ್ಷಿಸಿ. 12 ವೋಲ್ಟ್‌ನ ಕಾರ್ ಬಲ್ಬ್ ಒಂದು, ಬೇಡದ ಹಾರ್ಡ್ ಡಿಸ್ಕ್ ಒಂದು ಸಾಕು. ಮಲ್ಟಿಮೀಟರ್‌ನಲ್ಲಿ 5, 12 ವೋಲ್ಟ್ ಸರಿಯಾಗಿ ಬಂದ ಮೇಲೆ ಬೋರ್ಡಿಗೆ. ಪವರ್ ಸಪ್ಲೈ ಪೆಟ್ಟಿಗೆಯ ಒಳಗೆ ಕೈ ಹಾಕುವುದು ಬಲ್ಲವರ ಕೆಲಸ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ಕರೆಂಟ್ ಹಿಡಿದಿಟ್ಟಿರುತ್ತದೆ. ಬೋರ್ಡಿಗೆ ಹೋಗುವ ಎರಡು ಕನೆಕ್ಟರ್‌ಗಳನ್ನು ಹಾಕುವಾಗ ಎರಡರ ಕಪ್ಪು ತಂತಿಗಳೂ ಮಧ್ಯದಲ್ಲಿ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡ್ ಹೋಯಿತು ಅಂತಲೇ ಲೆಕ್ಕ.

ಹಳದಿಯಾದ ಕ್ಯಾಬಿನೆಟ್‌ಗೆ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವ ವಿಡಿಯೋ ನೋಡಿರುತ್ತೀರಿ. ನಾನಂತೂ ಮಾಡುವುದಿಲ್ಲ. ಹಳದಿ ಮತ್ತೆ ಬರಬಹುದು, ಮೇಲಾಗಿ ಮುದುಕನಿಗೆ ಮುಪ್ಪು ಕಂಡರೆ ತಪ್ಪೇನು?

ಸದ್ಯಕ್ಕೆ ಫ್ಲಾಪಿಗಳನ್ನು ಸ್ಪೀಕರ್, ಟ್ರಾನ್ಸ್‌ಫಾರ್ಮರ್‌ಗಳಿಂದ ದೂರ, ತೇವ ಇಲ್ಲದ ಕಡೆ, ಮಲಗಿಸದೆ ನಿಲ್ಲಿಸಿಡಿ. ಬ್ಯಾಟರಿ ಕತ್ತರಿಸುವ ಮುಂಚೆ ಆ ಮೂಲೆಯ ಫೋಟೋ ಒಂದು ಹತ್ತಿರದಿಂದ ತೆಗೆದು ಇಲ್ಲಿ ಹಾಕಿ, ಎಷ್ಟು ದೂರ ಹರಡಿದೆ ನೋಡಿ ಹೇಳುತ್ತೇನೆ.