ಬಾವಿ 200 ಮೀಟರ್ ದೂರವಿದ್ದರೆ ಸಾಕೇ?

ಬೀದರ್ ತಾಲ್ಲೂಕಿನ ಓದುಗರೊಬ್ಬರು ಕೇಳಿದ್ದಾರೆ: ‘ಕಸ ವಿಲೇವಾರಿಗೆಂದು ನಮ್ಮೂರ ಗಾಯರಾಣ (ಗೋಮಾಳ) ಜಮೀನು ನೋಡಿ ಹೋಗಿದ್ದಾರೆ. ಮೊಬೈಲ್ ನಕ್ಷೆಯಲ್ಲಿ ಅಳೆದರೆ ಕುಡಿಯುವ ನೀರಿನ ಬಾವಿ ಅಲ್ಲಿಂದ 260 ಮೀಟರ್. ನಿಯಮಕ್ಕೆ 200 ಸಾಕಂತೆ. ನೀರು ಕೆಡುವುದಿಲ್ಲ ಎಂದು ನಂಬಬಹುದೇ?’

ಇಷ್ಟರ ಮೇಲೇ ನಂಬಬೇಡಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು (2026ರ ಏಪ್ರಿಲ್‌ನಿಂದ ಇವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ, ಅಂಕಿಗಳನ್ನು ಅವುಗಳಲ್ಲಿ ಖಚಿತಪಡಿಸಿಕೊಳ್ಳಿ) ಭೂಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ, ನದಿಯಿಂದ 100 ಮೀಟರ್, ಕೆರೆ, ಹೆದ್ದಾರಿ, ಜನವಸತಿ, ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ಹೇಳಿದ್ದು ನಿಜ. ಆದರೆ ಬೀದರಿನಲ್ಲಿ ಮೊದಲು ಎಳೆಯಬೇಕಾದ ಗೆರೆ ಬೇರೆ. ಇಲ್ಲಿ ವಾಯುಪಡೆಯ ನೆಲೆಯಿದೆ. 2016ರ ಅದೇ ನಿಯಮ ವಾಯುನೆಲೆಯಿಂದ 20 ಕಿ.ಮೀ. ದೂರ ಕೇಳುತ್ತಿತ್ತು, ವಿಶೇಷ ಸಂದರ್ಭದಲ್ಲಿ 10ರಿಂದ 20ರ ನಡುವೆ ಮಾಡಬೇಕಾದರೆ ವಾಯುಪಡೆಯ ನಿರಾಕ್ಷೇಪಣಾ ಪತ್ರ ಬೇಕಿತ್ತು. ಕಸಕ್ಕೆ ಮುತ್ತುವ ಹದ್ದುಗಳು ವಿಮಾನಕ್ಕೆ ಅಪಾಯ. ನಿಮ್ಮ ಗಾಯರಾಣ 10 ಕಿ.ಮೀ. ಒಳಗಿದ್ದರೆ ಆಕ್ಷೇಪಣೆಯಲ್ಲಿ ಅದನ್ನೇ ಮೊದಲು ಬರೆಯಿರಿ.

ಇನ್ನು ನೀರಿನ ಮಾತು. ಬೀದರ್ ಕೂತಿರುವುದು ಜಂಬಿಟ್ಟಿಗೆ ದಿಬ್ಬದ ಮೇಲೆ. ಮೇಲೆ ತೂತು ತೂತಾದ ಕೆಂಪು ಕಲ್ಲು, ಕೆಳಗೆ ಜೇಡಿಯ ಪದರ, ಅದರಡಿ ಕಪ್ಪು ಶಿಲೆ. ಇಂಗಿದ ನೀರು ಜೇಡಿ ತಡೆದಲ್ಲಿ ಅಡ್ಡಕ್ಕೆ ಹರಿದು ದಿಬ್ಬದ ಅಂಚಿಗೆ ಝರಿಯಾಗಿ ಹೊರಬರುತ್ತದೆ. ಬಹಮನಿ ಕಾಲದ ನೌಬಾದ್ ಕರೇಜ್ (ನೆಲದಡಿಯ ನೀರಿನ ಸುರಂಗ) ಬಳಸಿಕೊಂಡದ್ದು ಇಂಥ ಹರಿವನ್ನೇ. ಕಸದಿಂದ ಇಳಿಯುವ ಕೊಳೆನೀರಿಗೂ ಅದೇ ದಾರಿ. ನಕ್ಷೆಯ ವೃತ್ತಕ್ಕೆ ಎಲ್ಲ ದಿಕ್ಕೂ ಸಮ, ನೀರಿಗೆ ಹಾಗಲ್ಲ: ಬಾವಿ ಹರಿವಿನ ಕೆಳಗಿದ್ದರೆ 260 ಮೀಟರ್ ರಕ್ಷಣೆಯೇ ಅಲ್ಲ.

ಈ ದೂರ, ಇಳಿಜಾರುಗಳನ್ನು ನಕ್ಷೆಯಲ್ಲಿ ಗುರುತಿಸಲು ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶವಿದೆ. ಊರಿನ ಕಾಲೇಜು ಹುಡುಗರೂ ಈ ಕೆಲಸ ಮಾಡಬಲ್ಲರು. ನಕ್ಷೆಯ ಎಲ್ಲ ಪದರಗಳನ್ನೂ ಮೊದಲು ಮೀಟರಿನಲ್ಲಿ ಅಳೆಯುವ ಯುಟಿಎಂ ನಿರ್ದೇಶಾಂಕ ಪದ್ಧತಿಯ 43 ಉತ್ತರ ವಲಯಕ್ಕೆ ತನ್ನಿ. ಅಕ್ಷಾಂಶ-ರೇಖಾಂಶದಲ್ಲೇ ಬಿಟ್ಟು ಬಫರ್‌ಗೆ (ಸುತ್ತ ಎಳೆಯುವ ದೂರದ ಗೆರೆಗೆ) 200 ಎಂದು ಕೊಟ್ಟರೆ ಅದು 200 ಡಿಗ್ರಿ ಆಗುತ್ತದೆ, ಹೊಸಬರು ಎಡವುವುದು ಇಲ್ಲೇ. ಇಸ್ರೋದ ಭುವನ್ ಜಾಲತಾಣದಲ್ಲಿ ಸಿಗುವ ಎತ್ತರದ ದತ್ತಾಂಶದಿಂದ ಇಳಿಜಾರು ತೆಗೆಯಿರಿ. ಅದರ ಒಂದು ಚೌಕ ಸುಮಾರು 30 ಮೀಟರ್. ಐದಾರು ಮೀಟರ್ ಅಗಲದ ಹಳ್ಳ ಅದರಲ್ಲಿ ಕಾಣದು. ಹಳ್ಳ, ಹಾಳುಬಾವಿ, ಝರಿ, ಕರೇಜಿನ ಗಾಳಿಬಾವಿ ಎಲ್ಲವನ್ನೂ ನಡೆದುಹೋಗಿ ಫೋನಿನ ಜಿಪಿಎಸ್‌ನಲ್ಲಿ ಗುರುತಿಸಬೇಕು. ಸರ್ವೆ ನಂಬರಿಗೆ ಸರ್ಕಾರದ ದಿಶಾಂಕ್ ಆ್ಯಪ್ ಸಾಕು, ಹದ್ದುಬಸ್ತಿಗೆ ಸಾಲದು.

ಹರಿವಿನ ದಿಕ್ಕು ತಿಳಿಯಲು ಸುತ್ತಲಿನ ಕನಿಷ್ಠ ಮೂರು ಬಾವಿ ಬೇಕು, ಅವು ಒಂದೇ ಸಾಲಿನಲ್ಲಿರಬಾರದು. ಕಟ್ಟೆಯಿಂದ ನೀರಿನ ಆಳ ಟೇಪಿನಲ್ಲಿ ಅಳೆಯಿರಿ. ಕಟ್ಟೆಗಳ ಎತ್ತರವನ್ನು ಮಾತ್ರ ಉಪಗ್ರಹ ದತ್ತಾಂಶದಿಂದ ತೆಗೆದುಕೊಳ್ಳಬೇಡಿ, ಅದು ಹಲವು ಮೀಟರ್ ತಪ್ಪಬಹುದು; ಸರ್ವೆಯವರ ಲೆವೆಲ್ ಯಂತ್ರದಿಂದಲೇ ಹಿಡಿಸಿ. ಎತ್ತರದಲ್ಲಿ ಆಳ ಕಳೆದರೆ ನೀರಿನ ಮಟ್ಟ; ಹೆಚ್ಚಿನ ಮಟ್ಟದಿಂದ ಕಡಿಮೆಯತ್ತ ಹರಿವು.

ಅಳತೆ ಮಳೆಗಾಲ ಮುಗಿದ ಮೇಲೆ ಆಗಲಿ. 2016ರ ನಿಯಮದ ಪ್ರಕಾರ ಭೂಭರ್ತಿಯ ತಳದ ಹಾಸಿಗೆ 90 ಸೆಂ.ಮೀ. ಜೇಡಿ, ಅದರ ಮೇಲೆ 1.5 ಮಿ.ಮೀ. ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಇರಬೇಕಿತ್ತು. ಅಂತರ್ಜಲದ ಅತಿ ಮೇಲಿನ ಮಟ್ಟ ಆ ಜೇಡಿಗಿಂತ 2 ಮೀಟರಾದರೂ ಕೆಳಗಿರಬೇಕಿತ್ತು. ನೀರು ಇಳಿದಿರುವ ಮೇ ತಿಂಗಳಲ್ಲಿ ಅಳೆದರೆ ಯೋಗ್ಯವಲ್ಲದ ಜಾಗವೂ ಪಾಸಾಗಬಹುದು. ಕಪ್ಪು ಮಣ್ಣು ಸುಲಭವಾಗಿ ಸಿಗುತ್ತದೆಂದು ಹಾಗೇ ಹಾಸಿಬಿಟ್ಟರೆ ಒಣಗಿದಾಗ ಬಿರುಕು ಬಿಡುತ್ತದೆ.

ಜಾಗ ಅಂತಿಮವಾಗುವ ಮುನ್ನ ಅಂತರ್ಜಲದ ಗುಣಮಟ್ಟದ ದಾಖಲೆ ಮಾಡಿಡುವುದನ್ನೂ 2016ರ ನಿಯಮ ಕಡ್ಡಾಯ ಮಾಡಿತ್ತು. ಆ ವರದಿಯ ಪ್ರತಿಯನ್ನು ಈಗಲೇ ಲಿಖಿತವಾಗಿ ಕೇಳಿ, ನಿಮ್ಮ ಬಾವಿಯ ನೀರೂ ಅದರಲ್ಲಿ ಸೇರಿರಲಿ.