ನ್ಯೂಟನ್ ಹುಟ್ಟಿದ್ದು ಡಿಸೆಂಬರ್ 25ಕ್ಕೋ, ಜನವರಿ 4ಕ್ಕೋ?

ಎರಡೂ ಸರಿ. ಆಗ ಇಂಗ್ಲೆಂಡಿನಲ್ಲಿದ್ದ ಜೂಲಿಯನ್ ಕ್ಯಾಲೆಂಡರಿನಲ್ಲಿ ಅದು 1642ರ ಡಿಸೆಂಬರ್ 25. ನಾವೀಗ ಬಳಸುವ ಗ್ರೆಗೋರಿಯನ್‌ನಲ್ಲಿ 1643ರ ಜನವರಿ 4. ಬೆಳಗಾದ ದಿನ ಮಾತ್ರ ಒಂದೇ.

ಜೂಲಿಯನ್ ಲೆಕ್ಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಒಂದು ದಿನ ಸೇರುತ್ತದೆ. ಹೀಗಾಗಿ ವರ್ಷ ಸುಮಾರು 11 ನಿಮಿಷ ಉದ್ದವಾಗಿ, 128 ವರ್ಷಕ್ಕೆ ಒಂದು ದಿನದ ವ್ಯತ್ಯಾಸ ಬೀಳುತ್ತದೆ. ಇಟಲಿ, ಸ್ಪೇನ್ 1582ರಲ್ಲೇ 10 ದಿನ ಬಿಟ್ಟು ಸರಿಪಡಿಸಿಕೊಂಡವು. ಬ್ರಿಟನ್ ಬದಲಾಗಿದ್ದು 1752ರಲ್ಲಿ: ಸೆಪ್ಟೆಂಬರ್ 2ರ ಮರುದಿನವೇ 14!

'ಇತಿಹಾಸದಲ್ಲಿ ಈ ದಿನ' ಪಟ್ಟಿಗಳು ಎಡವುವುದು ಇಲ್ಲೇ. ಗೆಲಿಲಿಯೊ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದರು ಎನ್ನುವ ಮಾತು ಎಷ್ಟು ಚೆಂದ ಕೇಳಿಸಿದರೂ, ಗೆಲಿಲಿಯೊ ಅವರ 1642ರ ಜನವರಿ 8 ಗ್ರೆಗೋರಿಯನ್ ತಾರೀಖು, ನ್ಯೂಟನ್ ಅವರದು ಜೂಲಿಯನ್. ಒಂದೇ ಕ್ಯಾಲೆಂಡರಿಗೆ ತಂದರೆ ಆ ಕಾಕತಾಳೀಯ ಉಳಿಯುವುದಿಲ್ಲ.

ನೀವೇ ಪಟ್ಟಿ ಮಾಡುವುದಾದರೆ, ಜೂಲಿಯನ್ ತಾರೀಖಿಗೆ 1582ರಿಂದ 1700ರ ಫೆಬ್ರವರಿವರೆಗೆ 10 ದಿನ ಕೂಡಿಸಿ. ಆಮೇಲೆ 18ನೇ ಶತಮಾನಕ್ಕೆ 11, 19ನೆಯದಕ್ಕೆ 12, 20ನೆಯದಕ್ಕೆ 13. ರಷ್ಯಾದ 'ಅಕ್ಟೋಬರ್ ಕ್ರಾಂತಿ' 1917ರ ನವೆಂಬರ್ 7ಕ್ಕೆ ಬರುವುದು ಹೀಗೆ.

ಇಂಗ್ಲೆಂಡಿನ ಹಳೆಯ ದಾಖಲೆಗಳಲ್ಲಿ ಇಸವಿಯನ್ನೂ ನೋಡಿಕೊಳ್ಳಿ. ಅಲ್ಲಿ 1751ರವರೆಗೆ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿರುವ ನ್ಯೂಟನ್ ಸ್ಮಾರಕದ ಮೇಲೆ ಸಾವಿನ ದಿನ 1726ರ ಮಾರ್ಚ್ 20 ಎಂದಿದೆ. ನಮ್ಮ ಲೆಕ್ಕಕ್ಕೆ ಅದು 1727ರ ಮಾರ್ಚ್ 31.